ಫಾರ್ಮಾಲ್ಡಿಹೈಡ್: ಮೀನು, ಪ್ಲೈವುಡ್, ಲ್ಯಾಬು ಅಂತ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹತ್ತೊಂಬತ್ತು ವರ್ಷ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ವಿರಾಜಪೇಟೆ ಹತ್ತಿರ ಚಿಕ್ಕ ತೋಟ, ಎರಡು ರೂಮಿನ ಹೋಂಸ್ಟೇ ನೋಡಿಕೊಂಡಿದ್ದೇನೆ. ಫಾರ್ಮಾಲಿನ್ ಜೊತೆ ಬದುಕಿದವನು ಅಂತ ಗೊತ್ತಾದ ಮೇಲೆ ಮದುವೆ ಮನೆಯಲ್ಲಿ, ಗೋಣಿಕೊಪ್ಪ ಸಂತೆಯಲ್ಲಿ, ಮೆಸೇಜಿನಲ್ಲಿ ಜನ ಕೇಳುವುದು ಬಹುತೇಕ ಅವೇ ಪ್ರಶ್ನೆ. ಪ್ರತಿಸಲ ಅದನ್ನೇ ಹೇಳಿ ಸಾಕಾಯಿತು, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಆಗುತ್ತದೆ.

## ಮೊದಲು ಇದು ಏನು ಅಂತ

ಅಣ್ಣಾ, ಫಾರ್ಮಾಲಿನ್ ಬೇರೆ ಫಾರ್ಮಾಲ್ಡಿಹೈಡ್ ಬೇರೆನಾ?

ಫಾರ್ಮಾಲ್ಡಿಹೈಡ್ ಒಂದು ಅನಿಲ. ಬಣ್ಣ ಇಲ್ಲ, ಘಾಟು ಜಾಸ್ತಿ. ಸೊನ್ನೆಗಿಂತ 19 ಡಿಗ್ರಿ ಕೆಳಗೇ ಅದು ಕುದಿದು ಅನಿಲವಾಗಿಬಿಡುತ್ತದೆ, ಹಾಗಾಗಿ ಬರೀ ಫಾರ್ಮಾಲ್ಡಿಹೈಡನ್ನು ಬಾಟಲಿಯಲ್ಲಿ ಹಿಡಿದಿಡುವುದು ಕಷ್ಟ. ಅದನ್ನು ನೀರಿನಲ್ಲಿ ಕರಗಿಸಿದರೆ ಫಾರ್ಮಾಲಿನ್. ಅಂಗಡಿಯ ಫಾರ್ಮಾಲಿನ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 37% ಫಾರ್ಮಾಲ್ಡಿಹೈಡ್ ಇರುತ್ತದೆ, ಜೊತೆಗೆ ಗಟ್ಟಿಯಾಗದಿರಲಿ ಅಂತ 10ರಿಂದ 15% ಮೆಥನಾಲ್.

ಲ್ಯಾಬಿನವರು '10% ಫಾರ್ಮಾಲಿನ್' ಅನ್ನುತ್ತಾರಲ್ಲ, ಅದು ಈ 37%ದ್ದನ್ನು ಹತ್ತರಲ್ಲಿ ಒಂದು ಪಾಲು ಮಾಡಿದ್ದು. ಅಂದರೆ ಅದರಲ್ಲಿ ನಿಜವಾಗಿ ಇರುವುದು 4%ಕ್ಕೂ ಕಡಿಮೆ. ಹೊಸ ಹುಡುಗರು ಎಡವುವುದೇ ಇಲ್ಲಿ.

ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ಮಡಿಕೇರಿಯ ಚಳಿಗೆ ಬಾಟಲಿಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ. 'ಕೆಟ್ಟುಹೋಯ್ತಾ ಸರ್?' ಅಂತ ಕೇಳುತ್ತಾರೆ. ಅದು ಪ್ಯಾರಾಫಾರ್ಮಾಲ್ಡಿಹೈಡ್, ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾದದ್ದು. ಅದಕ್ಕೇ ಫಾರ್ಮಾಲಿನ್ ಅನ್ನು ಫ್ರಿಜ್‌ನಲ್ಲಿ ಇಡಬಾರದು.

ಹೆಸರು ಎಲ್ಲಿಂದ ಬಂತು? ಕಂಡುಹಿಡಿದದ್ದು ಯಾರು?

ಇರುವೆಯಿಂದ. ಕಾಫಿ ಕುಯ್ಯುವಾಗ ಚಗಳಿ ಗೂಡಿಗೆ ಕೈ ತಾಗಿಸಿದವರಿಗೆ ಆ ಉರಿ ಗೊತ್ತು. ಅದು ಫಾರ್ಮಿಕ್ ಆಮ್ಲದ ಉರಿ. ಲ್ಯಾಟಿನ್‌ನಲ್ಲಿ 'ಫಾರ್ಮಿಕಾ' ಅಂದರೆ ಇರುವೆ. ಫಾರ್ಮಾಲ್ಡಿಹೈಡ್ ಆಮ್ಲಜನಕ ಸೇರಿಸಿಕೊಂಡರೆ ಆಗುವುದು ಇದೇ ಆಮ್ಲ. ರಷ್ಯಾದ ಬಟ್ಲೆರೊವ್ 1859ರಲ್ಲಿ ಇದನ್ನು ಮೊದಲು ತಯಾರಿಸಿದ, ಆದರೆ ಅದು ಏನು ಅಂತ ಖಚಿತವಾಗಿ ತೋರಿಸಿದ್ದು ಜರ್ಮನಿಯ ಹಾಫ್‌ಮನ್, 1860ರ ದಶಕದ ಕೊನೆಯಲ್ಲಿ. ಕಾದ ಪ್ಲಾಟಿನಂ ಮೇಲೆ ಮೆಥನಾಲ್ ಆವಿ ಹಾಯಿಸಿ ಮಾಡಿದ್ದ. ಈಗಿನ ಕಾರ್ಖಾನೆಗಳೂ ಸುಮಾರು ಅದೇ ದಾರಿ ಹಿಡಿದಿವೆ, ಪ್ಲಾಟಿನಂ ಬದಲು ಬೆಳ್ಳಿ ಅಥವಾ ಕಬ್ಬಿಣ-ಮಾಲಿಬ್ಡಿನಂ ಆಕ್ಸೈಡ್ ಬಳಸುತ್ತಾರೆ ಅಷ್ಟೇ.

ಹೆಣ ಕೆಡದ ಹಾಗೆ ಇಡುತ್ತೆ, ಹಲಗೆ ಅಂಟಿಸುತ್ತೆ, ಕಣ್ಣೂ ಉರಿಸುತ್ತೆ. ಒಂದೇ ವಸ್ತು ಇಷ್ಟೆಲ್ಲ ಹೇಗೆ ಮಾಡುತ್ತೆ?

ಈ ಒಂದು ಉತ್ತರ ಹಿಡಿದುಕೊಂಡರೆ ಉಳಿದದ್ದು ಅರ್ಧ ಅರ್ಥವಾದ ಹಾಗೆ. ಫಾರ್ಮಾಲ್ಡಿಹೈಡ್ ಬಹಳ ಚಿಕ್ಕ ಅಣು, ಸುಮ್ನೆ ಕೂರುವ ಜಾತಿಯದಲ್ಲ. ಪ್ರೋಟೀನ್ ಸಿಕ್ಕಿದರೆ ಅದರ ಒಂದು ತುದಿಯನ್ನೂ ಪಕ್ಕದ್ದರ ಇನ್ನೊಂದು ತುದಿಯನ್ನೂ ಹಿಡಿದು ನಡುವೆ ಸೇತುವೆ ಕಟ್ಟುತ್ತದೆ. ಸೇತುವೆ ಬಿದ್ದ ಪ್ರೋಟೀನ್ ಅಲುಗಾಡುವುದಿಲ್ಲ, ಅದನ್ನು ಬ್ಯಾಕ್ಟೀರಿಯಾ ತಿನ್ನಲಾಗದು, ಬ್ಯಾಕ್ಟೀರಿಯಾ ತಾನೇ ಬದುಕುವುದಿಲ್ಲ. ಹೆಣ ಕೊಳೆಯದೇ ಇರುವುದು ಹೀಗೆ. ಯೂರಿಯಾ ಜೊತೆ ಅದೇ ಸೇತುವೆ ಕಟ್ಟಿದರೆ ಪ್ಲೈವುಡ್ ಅಂಟು. ನಿಮ್ಮ ಕಣ್ಣಿನ, ಮೂಗಿನ ಒದ್ದೆ ಪೊರೆಯಲ್ಲಿ ಕಟ್ಟಿದರೆ ಉರಿ. ಉಪಯೋಗವೂ ಅಪಾಯವೂ ಒಂದೇ ಗುಣದಿಂದ ಬರುತ್ತವೆ, ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಇಟ್ಟುಕೊಳ್ಳಲು ಆಗುವುದಿಲ್ಲ.

1893ರಲ್ಲಿ ಫರ್ಡಿನಾಂಡ್ ಬ್ಲುಮ್ ಎಂಬ ಜರ್ಮನ್ ವೈದ್ಯ ಇದು ರೋಗಾಣು ಕೊಲ್ಲುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದ. ಕೆಲಸ ಮಾಡುತ್ತಾ ಅವನ ಬೆರಳಿನ ಚರ್ಮವೇ ಗಟ್ಟಿಯಾಗಿತ್ತು. ಅದನ್ನು ನೋಡಿ ಅಂಗಾಂಶ ಉಳಿಸುವುದಕ್ಕೂ ಇದು ಆಗುತ್ತದೆ ಅಂತ ಹೊಳೆಯಿತು. ಗ್ಲೌಸ್ ಇಲ್ಲದೆ ಕೆಲಸ ಮಾಡಿದ ಶುರುವಿನ ದಿನಗಳಲ್ಲಿ ನನ್ನ ಬೆರಳ ತುದಿಯೂ ಹಾಗೇ ಆಗಿತ್ತು. ನನಗೇನೂ ಹೊಳೆಯಲಿಲ್ಲ.

ನಮ್ಮ ಮೈಯಲ್ಲೇ ಇದೆಯಂತೆ, ಕಾಫಿಯಲ್ಲೂ ಇದೆಯಂತೆ. ಮತ್ತೆ ಹೆದರೋದು ಯಾಕೆ?

ಎರಡೂ ನಿಜ. ಜೀವಕೋಶಗಳು ತಮ್ಮ ಕೆಲಸದ ನಡುವೆಯೇ ಫಾರ್ಮಾಲ್ಡಿಹೈಡ್ ತಯಾರಿಸುತ್ತವೆ. ರಕ್ತದಲ್ಲಿ ಲೀಟರಿಗೆ ಸುಮಾರು 2ರಿಂದ 3 ಮಿಲಿಗ್ರಾಂ ಯಾವಾಗಲೂ ಇರುತ್ತದೆ. ಕಿಣ್ವಗಳು ಅದನ್ನು ಒಂದೆರಡು ನಿಮಿಷದಲ್ಲೇ ಫಾರ್ಮೇಟ್ ಮಾಡಿ ಸಾಗಹಾಕುತ್ತವೆ. ಬೀಜ ಹುರಿಯುವಾಗಲೂ ಹುಟ್ಟುತ್ತದೆ, ಸೋಸಿದ ಕಾಫಿಯಲ್ಲಿ ಕೆಜಿಗೆ 3ರಿಂದ 5 ಮಿಲಿಗ್ರಾಂ ಅಳೆದಿದ್ದಾರೆ. ಬೆಳಗ್ಗೆ ಬೆಲ್ಲದ ಕಾಫಿ ಕುಡಿದು ಬೆಳೆದ ನಾವೆಲ್ಲ ಅದನ್ನೂ ಕುಡಿದೇ ಬೆಳೆದಿದ್ದೇವೆ. ಸೇಬು, ಪೇರಳೆ, ಅಣಬೆಯಲ್ಲೂ ಉಂಟು.

ಆದರೆ ಹೊಟ್ಟೆಗೆ ಹೋಗುವುದಕ್ಕೂ ಮೂಗಿಗೆ ಹೋಗುವುದಕ್ಕೂ ವ್ಯತ್ಯಾಸ ಇದೆ. ಊಟದ ಜೊತೆ ಹೋದ ಸಣ್ಣ ಪ್ರಮಾಣವನ್ನು ಹೊಟ್ಟೆ, ಲಿವರ್ ಮುಗಿಸುತ್ತವೆ. ಉಸಿರಿನಲ್ಲಿ ಹೋದದ್ದು ಅಷ್ಟು ದೂರ ಹೋಗುವುದೇ ಇಲ್ಲ. ಮೂಗಿನ ಪೊರೆಯಲ್ಲೇ ಅಂಟಿಕೊಂಡು, ಅದೇ ಜಾಗಕ್ಕೆ ದಿನಾ ಪೆಟ್ಟು ಕೊಡುತ್ತದೆ. ಹೆದರಬೇಕಾದದ್ದು ಉಸಿರಿಗೆ.

## ಅಡುಗೆಮನೆ

ಘಾಟಿ ಹತ್ತಿ ಬರುವ ಮೀನಿಗೆಲ್ಲ ಫಾರ್ಮಾಲಿನ್ ಹಾಕ್ತಾರಾ?

ಎಲ್ಲದಕ್ಕೂ ಹಾಕುವುದಿಲ್ಲ. ಹಾಕಿದ ಉದಾಹರಣೆಗಳು ಇವೆ. 2018ರಲ್ಲಿ ಕೇರಳದಲ್ಲಿ 'ಆಪರೇಷನ್ ಸಾಗರ್ ರಾಣಿ' ಅಂತ ತಪಾಸಣೆ ನಡೆದು ಗಡಿ ಚೆಕ್‌ಪೋಸ್ಟ್‌ಗಳಲ್ಲಿ ಸಾವಿರಾರು ಕೆಜಿ ಮೀನು ಹಿಡಿದರು. ಅದೇ ವರ್ಷ ಗೋವಾ, ಅಸ್ಸಾಂನಲ್ಲೂ ಗಲಾಟೆ ಆಯಿತು. ನಮಗೆ ಸಂಪಾಜೆ ಕಡೆಯಿಂದ ಮಂಗಳೂರಿನದು, ಮಾಕುಟ್ಟ ಕಡೆಯಿಂದ ಕಣ್ಣೂರು, ತಲಶ್ಶೇರಿಯದು ಬರುತ್ತದೆ. ಒಂದು ರಾತ್ರಿಯ ದಾರಿ, ಐಸ್ ಸಾಕು. ಮೋಸ ಜಾಸ್ತಿ ಆಗುವುದು ಸಾವಿರ ಕಿಲೋಮೀಟರ್ ಲಾರಿಯಲ್ಲಿ ಬರುವ, ಐಸ್‌ಗೆ ದುಡ್ಡು ಉಳಿಸುವ ಸರಕಿನಲ್ಲಿ.

ನಮ್ಮ ದೇಶದಲ್ಲಿ ಆಹಾರಕ್ಕೆ ಫಾರ್ಮಾಲಿನ್ ಬೆರೆಸಲು ಅನುಮತಿಯೇ ಇಲ್ಲ. ಸ್ವಲ್ಪ ಹಾಕಬಹುದು ಅನ್ನುವ ಮಾತೇ ಇಲ್ಲ.

ಇಲ್ಲಿ ಒಂದು ತೊಡಕಿದೆ. ಸಮುದ್ರದ ಮೀನಿನಲ್ಲಿ ಟ್ರೈಮೀಥೈಲಮೈನ್ ಆಕ್ಸೈಡ್ ಅಂತ ಒಂದು ವಸ್ತು ಸಹಜವಾಗಿ ಇರುತ್ತದೆ. ಮೀನು ಸತ್ತ ಮೇಲೆ, ಫ್ರೀಜರ್‌ನಲ್ಲಿಟ್ಟರೂ ಸಹ, ಅದು ನಿಧಾನ ಒಡೆದು ಫಾರ್ಮಾಲ್ಡಿಹೈಡ್ ಆಗುತ್ತದೆ. ಕೆಲವು ಜಾತಿಯಲ್ಲಿ, ಬೊಂಬಿಲ್‌ನಂಥದ್ದರಲ್ಲಿ, ಇದು ಜಾಸ್ತಿಯೇ. ಹಾಗಾಗಿ 'ಮೀನಿನಲ್ಲಿ ಸಿಕ್ಕಿತು' ಅನ್ನುವ ಸುದ್ದಿ ಒಂದೇ ಸಾಲದು. ಎಷ್ಟು ಸಿಕ್ಕಿತು, ಯಾವ ಮೀನಿನಲ್ಲಿ ಅಂತಲೂ ಕೇಳಬೇಕು.

ನೊಣ ಕೂರದಿದ್ದರೆ ಫಾರ್ಮಾಲಿನ್ ಅಂತಾರೆ. ಮನೆಯಲ್ಲೇ ಕಂಡುಹಿಡಿಯೋದು ಹೇಗೆ?

ನೊಣದ ಪರೀಕ್ಷೆ ನಂಬಬೇಡಿ. ಚೆನ್ನಾಗಿ ಐಸ್ ಹಾಕಿದ ಮೀನಿಗೂ ನೊಣ ಕಡಿಮೆ. ರಬ್ಬರಿನ ಹಾಗೆ ಬಿರುಸಾಗಿದ್ದು, ಕಣ್ಣು ಮಸುಕಾಗಿ, ಕಿವಿರು ಬಣ್ಣಗೆಟ್ಟು, ಅಷ್ಟಾಗಿಯೂ ಮೀನಿನ ವಾಸನೆಯೇ ಇಲ್ಲ ಅಂದರೆ ಅನುಮಾನ ಪಡಿ. ಹಳೇ ಮೀನು ನಾರಬೇಕು. ನಾರದಿದ್ದರೆ ಏನೋ ನಡೆದಿದೆ.

ಖಚಿತ ಬೇಕಾದರೆ ಕಿಟ್. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಕಾಗದದ ಪಟ್ಟಿಯ ಸುಲಭ ಪರೀಕ್ಷೆಯೊಂದನ್ನು ಮಾಡಿದೆ. ಮೀನಿನ ಮೇಲೆ ಉಜ್ಜಿ ಒಂದು ತೊಟ್ಟು ದ್ರಾವಣ ಹಾಕಿದರೆ ಕೆಲವೇ ನಿಮಿಷದಲ್ಲಿ ಬಣ್ಣ ಬದಲಾಗುವುದು ಕಾಣುತ್ತದೆ. ನಾಲ್ಕೈದು ಮನೆಯವರು ಸೇರಿ ಒಂದು ಡಬ್ಬಿ ತರಿಸಿಕೊಂಡರೆ ಭಾರ ಅನ್ನಿಸುವುದಿಲ್ಲ.

ತೊಳೆದರೆ ಹೋಗುತ್ತದಾ? ಮೇಲಿರುವುದು ನೀರಿನಲ್ಲಿ ಕರಗುತ್ತದೆ, ಬೇಯಿಸುವಾಗ ಇನ್ನಷ್ಟು ಆವಿಯಾಗುತ್ತದೆ. ಮಾಂಸದ ಪ್ರೋಟೀನಿಗೆ ಆಗಲೇ ಅಂಟಿಕೊಂಡದ್ದು ಅಲ್ಲೇ ಇರುತ್ತದೆ. ಅನುಮಾನ ಬಂದ ಮೀನು ತೊಳೆದು ತಿನ್ನುವ ಬದಲು ಬಿಟ್ಟುಬಿಡುವುದೇ ವಾಸಿ.

ಒಲೆ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಹಂದಿ ಮಾಂಸ? ಅದರಲ್ಲಿ ಇದೆಲ್ಲ ಇಲ್ಲ ಅಲ್ವಾ?

ಇದೆ, ಅದೇ ತಮಾಷೆ. ಸೌದೆ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿದ ಮಾಂಸ ಕೆಡದೇ ಇರುವುದಕ್ಕೆ ಉಪ್ಪು, ಒಣಗುವಿಕೆ, ಹೊಗೆಯ ಫೀನಾಲ್‌ಗಳ ಜೊತೆ ಅದರ ಪಾಲೂ ಇದೆ. ನಮ್ಮ ಅಜ್ಜಿಯರು ಹೆಸರು ಗೊತ್ತಿಲ್ಲದೆ ಫಾರ್ಮಾಲ್ಡಿಹೈಡ್ ಬಳಸುತ್ತಿದ್ದರು ಅಂದರೆ ತಪ್ಪಲ್ಲ.

ವರ್ಷಕ್ಕೆ ನಾಲ್ಕು ಸಲ ತಿನ್ನುವ ಮಾಂಸದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಹೊಗೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಕೂತು ಅಡುಗೆ ಮಾಡುವವರ ಬಗ್ಗೆ ಕೆಡಿಸಿಕೊಳ್ಳುತ್ತೇನೆ. ತೋಟದ ಕೆಲಸಗಾರರ ಕಿಟಕಿ ಇಲ್ಲದ ಲೈನ್ ಮನೆಗಳಲ್ಲಿ ಹಸಿ ಸೌದೆ ಉರಿಸುವವರ ಕಣ್ಣು ನೋಡಿ, ಗೊತ್ತಾಗುತ್ತದೆ.

ಹಾಲಿಗೂ ಹಾಕ್ತಾರಾ?

ಲ್ಯಾಬಿಗೆ ಕಳಿಸುವ ಹಾಲಿನ ಸ್ಯಾಂಪಲ್ ಕೆಡದಿರಲಿ ಅಂತ ಹಾಕುವುದುಂಟು. ಆ ಹಾಲು ಕುಡಿಯುವುದಕ್ಕಲ್ಲ. ಮಾರುವ ಹಾಲಿಗೆ ಹಾಕಿದರೆ ಕಲಬೆರಕೆ. ಪ್ರಯೋಗನಳಿಕೆಯಲ್ಲಿ ಅಂಥ ಹಾಲಿನ ಕೆಳಗೆ ನಿಧಾನ ಗಂಧಕಾಮ್ಲ ಇಳಿಸಿದರೆ ಎರಡೂ ಸೇರುವಲ್ಲಿ ನೇರಳೆ ಉಂಗುರ ಮೂಡುತ್ತದೆ. ಇದು ಲ್ಯಾಬಿನ ಕೆಲಸ, ಮನೆಯಲ್ಲಿ ಗಂಧಕಾಮ್ಲ ಮುಟ್ಟಬೇಡಿ.

## ಮನೆ, ಹೋಂಸ್ಟೇ, ಪಾರ್ಲರ್

ಹೊಸ ವಾರ್ಡ್‌ರೋಬ್ ಮಾಡಿಸಿದ ಮೇಲೆ ಬೆಡ್‌ರೂಮಿನಲ್ಲಿ ಕಣ್ಣು ಉರಿಯುತ್ತೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಯಾಕೆ?

ನನಗೆ ಬರುವ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಮೀನಿನ ಬಗ್ಗೆ ಕೇಳುವವರು ಹತ್ತು ಜನ, ಇದರ ಬಗ್ಗೆ ಕೇಳುವವರು ಒಬ್ಬರು. ಅದು ತಿರುಗಾಮುರುಗಾ ಆಗಬೇಕಿತ್ತು.

ಕಡಿಮೆ ಬೆಲೆಯ ಪ್ಲೈವುಡ್, ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗೆ ಹಾಕುವುದು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಅಂಟಿನಲ್ಲಿ ಸೇರದೆ ಉಳಿದ ಫಾರ್ಮಾಲ್ಡಿಹೈಡ್ ಮೊದಲ ತಿಂಗಳುಗಳಲ್ಲಿ ಹೊರಗೆ ಬರುತ್ತದೆ. ಅದು ಮುಗಿದ ಮೇಲೂ ನಿಲ್ಲುವುದಿಲ್ಲ. ಈ ಅಂಟಿನ ಕೊಂಡಿ ನೀರಿಗೆ ಬಿಚ್ಚಿಕೊಳ್ಳುತ್ತದೆ. ಗಾಳಿಯ ತೇವ ಒಳಗೆ ಇಳಿದಂತೆ ಸೇತುವೆ ಮುರಿದು ಮತ್ತೆ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಬಿಸಿಯಾದರೆ ಇನ್ನೂ ಬೇಗ.

ಈಗ ನಮ್ಮ ಜುಲೈ ನೆನಪಿಸಿಕೊಳ್ಳಿ. ಗೋಡೆ ಬೆವರುತ್ತದೆ, ಬಟ್ಟೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ ಅಂತ ಕಿಟಕಿಗಳನ್ನೆಲ್ಲ ಮುಚ್ಚಿ ರೂಮ್ ಹೀಟರ್ ಹಾಕುತ್ತೇವೆ. ತೇವ, ಬಿಸಿ, ಮುಚ್ಚಿದ ರೂಮು, ಮೂರೂ ಒಟ್ಟಿಗೆ. ಬಯಲುಸೀಮೆಯ ಮನೆಗೆ ಹೇಳುವ 'ಎರಡು ತಿಂಗಳು ಬಿಡಿ, ಹೋಗುತ್ತೆ' ಅನ್ನುವ ಮಾತು ನಮಗೆ ಸರಿಹೊಂದುವುದಿಲ್ಲ.

ನನ್ನದೇ ಕಥೆ ಹೇಳುತ್ತೇನೆ. ಹೋಂಸ್ಟೇ ರೂಮಿಗೆ ಏಪ್ರಿಲ್‌ನಲ್ಲಿ ಪ್ಲೈ ಕೆಲಸ ಮಾಡಿಸಿ, ಮೇ ತಿಂಗಳಲ್ಲಿ ಗಿರಾಕಿ ಬಿಟ್ಟೆ. ಮೂರನೇ ದಿನ ಒಬ್ಬ ತಾಯಿ ಬಂದು ಮಗುವಿಗೆ ರಾತ್ರಿಯೆಲ್ಲ ಕೆಮ್ಮು, ಕಣ್ಣು ಕೆಂಪು ಅಂದರು. ಹತ್ತೊಂಬತ್ತು ವರ್ಷ ಅದೇ ವಾಸನೆಯಲ್ಲಿ ಕೆಲಸ ಮಾಡಿದ ನನಗೆ ಆ ರೂಮಿನಲ್ಲಿ ಏನೂ ಅನ್ನಿಸಿರಲಿಲ್ಲ. ಮೂಗು ಬೇಗ ಒಗ್ಗಿಕೊಳ್ಳುತ್ತದೆ, ಹೊಸದಾಗಿ ಬಂದವರ ಕಣ್ಣು ಸುಳ್ಳು ಹೇಳುವುದಿಲ್ಲ.

ಮಾಡಬೇಕಾದದ್ದು: ಬಾಗಿಲು, ಡ್ರಾಯರ್ ಎಲ್ಲ ತೆರೆದು ಎದುರುಬದುರು ಕಿಟಕಿ ಬಿಟ್ಟು ಗಾಳಿಯಾಡಿಸಿ. ಮಳೆ ನಿಂತ ಮಧ್ಯಾಹ್ನ ಒಂದು ಗಂಟೆಯಾದರೂ ಸರಿ. ಲ್ಯಾಮಿನೇಟ್ ಹಾಕದ ಅಂಚು, ಹಿಂಬದಿ, ತೂತುಗಳಿಗೆ ಅಂಚುಪಟ್ಟಿ ಅಥವಾ ವಾರ್ನಿಷ್ ಹಾಕಿಸಿ, ಅನಿಲ ಹೊರಬರುವುದು ಮುಖ್ಯವಾಗಿ ಅಲ್ಲಿಂದ. ಹೊಸ ಕೆಲಸವನ್ನು ಜನವರಿಯಲ್ಲಿ ಮುಗಿಸಿದರೆ ನಾಲ್ಕು ತಿಂಗಳ ಒಣ ಗಾಳಿ ಸಿಗುತ್ತದೆ. ಮಗುವಿನ ರೂಮನ್ನು ಕೊನೆಗೆ ಇಟ್ಟುಕೊಳ್ಳಿ.

ಎಷ್ಟಿದ್ದರೆ ಅಪಾಯ? ಒಂದು ಅಂಕಿ ಹೇಳಿ.

ಮನೆಯೊಳಗಿನ ಗಾಳಿಗೆ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಮಿತಿ ಘನ ಮೀಟರಿಗೆ 0.1 ಮಿಲಿಗ್ರಾಂ, ಯಾವುದೇ ಅರ್ಧ ಗಂಟೆಯ ಸರಾಸರಿ. ಹತ್ತು ಲಕ್ಷದಲ್ಲಿ 0.08 ಭಾಗ ಅಂದುಕೊಳ್ಳಿ. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಎಂಟು ಗಂಟೆಯ ಮಿತಿ ಹತ್ತು ಲಕ್ಷಕ್ಕೆ 0.75 ಭಾಗ, ಸುಮಾರು ಒಂಬತ್ತು ಪಟ್ಟು ಸಡಿಲ. ಕೆಲಸಗಾರ ಗಟ್ಟಿಮುಟ್ಟು, ಎಂಟು ಗಂಟೆ ಮಾತ್ರ ಅಲ್ಲಿರುತ್ತಾನೆ ಅನ್ನುವ ಲೆಕ್ಕ. ಮನೆಯಲ್ಲಿ ಮಗು, ಅಜ್ಜಿ ಇಡೀ ದಿನ ಇರುತ್ತಾರೆ.

ಅಂಗಡಿಯವನು ಎಲ್ಲ ಪ್ಲೈಯೂ ಒಂದೇ ಅಂತಾನೆ. ಯಾವುದು ತಗೋಬೇಕು?

ಒಂದೇ ಅಲ್ಲ. ಹಲಗೆ ಮೇಲಿನ ಮುದ್ರೆ ನೋಡಿ. ಎಂಆರ್, ಅಂದರೆ ಸ್ವಲ್ಪ ತೇವ ಮಾತ್ರ ತಡೆಯುವ ಪ್ಲೈ, ಸಾಮಾನ್ಯವಾಗಿ ಯೂರಿಯಾ ಅಂಟಿನದು. ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ್ದು) ಅಥವಾ ಐಎಸ್ 710, ಬಡಗಿಗಳು ಮೆರೈನ್ ಅನ್ನುತ್ತಾರೆ, ಅದರಲ್ಲಿ ಫೀನಾಲ್-ಫಾರ್ಮಾಲ್ಡಿಹೈಡ್ ಅಂಟು. ಹೆಸರಿನಲ್ಲಿ ಫಾರ್ಮಾಲ್ಡಿಹೈಡ್ ಇದ್ದರೂ ಇದರ ಕೊಂಡಿ ನೀರಿಗೆ ಬಿಚ್ಚುವುದಿಲ್ಲ, ಹಾಗಾಗಿ ಹೊರಗೆ ಬಿಡುವುದು ತುಂಬಾ ಕಡಿಮೆ. ಫೀನಾಲ್ ಅಂಟಿನ ಗೆರೆ ಕಂದು-ಕೆಂಪಾಗಿ ಕಾಣುತ್ತದೆ, ಯೂರಿಯಾದ್ದು ಬಿಳಿಚು. ಬಣ್ಣ ಬೆರೆಸಿ ಮೋಸ ಮಾಡುವವರೂ ಇದ್ದಾರೆ ಅನ್ನಿ.

ಇನ್ನು ಇ1, ಇ0 ಅನ್ನುವುದು ಎಷ್ಟು ಅನಿಲ ಬಿಡುತ್ತದೆ ಅನ್ನುವ ದರ್ಜೆ. ಇ0 ಇನ್ನೂ ಕಡಿಮೆ. ಮಳೆನಾಡಿಗೆ ಹೇಗೂ ನೀರು ತಡೆಯುವ ಪ್ಲೈ ಬೇಕು, ಎಂಆರ್ ನಮ್ಮಲ್ಲಿ ನಾಲ್ಕು ಮಳೆಗೆ ಉಬ್ಬುತ್ತದೆ. ಹಾಗಾಗಿ 710 ತೆಗೆದುಕೊಳ್ಳಿ, ಕಣ್ಣಿಗೂ ಒಳ್ಳೆಯದು, ಹಲಗೆಯೂ ಉಳಿಯುತ್ತದೆ. ಅಜ್ಜನ ಕಾಲದ ಬೀಟೆ ಕಪಾಟು ಅಟ್ಟದಲ್ಲಿ ಬಿದ್ದಿದ್ದರೆ ಅದನ್ನು ಇಳಿಸಿ ಒರೆಸಿ. ನಮ್ಮ ತೋಟದ ಸಿಲ್ವರ್ ಓಕ್ ಮರ ಕಡಿದು ಪ್ಲೈ ಫ್ಯಾಕ್ಟರಿಗೆ ಕಳಿಸಿ, ಅದೇ ಮರವನ್ನು ಅಂಟಿನ ಸಮೇತ ವಾಪಸ್ ಮನೆಗೆ ತಂದು ಕಣ್ಣು ಉರಿಸಿಕೊಳ್ಳುತ್ತಿದ್ದೇವೆ.

ಮನೀಪ್ಲಾಂಟ್ ಇಟ್ಟರೆ ಎಳೆದುಕೊಳ್ಳುತ್ತಂತೆ? ಆನ್‌ಲೈನ್ ಮೀಟರ್ ತಗೋಬಹುದಾ?

ಗಿಡದ ಕಥೆ ಹುಟ್ಟಿದ್ದು 1989ರ ನಾಸಾ ಪ್ರಯೋಗದಿಂದ. ಅದು ಚಿಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ್ದು. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಹಳೇ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಸಾಮಾನ್ಯ ಗಾಳಿಯಾಟ ಮಾಡುವ ಕೆಲಸವನ್ನು ಗಿಡ ಮಾಡಬೇಕಾದರೆ ನೆಲದ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಅಂದರೆ ರೂಮಿನೊಳಗೆ ಕಾಡು. ಗಿಡ ಚಂದಕ್ಕೆ ಇಡಿ, ಗಾಳಿಗೆ ಕಿಟಕಿ ತೆಗೆಯಿರಿ.

ಅಗ್ಗದ ಮೀಟರ್ ಸ್ಯಾನಿಟೈಸರ್ ಹಚ್ಚಿದ ಕೈ ತಂದರೂ ಏರುತ್ತದೆ, ಸೆಂಟು ಹಾಕಿದರೂ ಏರುತ್ತದೆ. ಕಿಟಕಿ ತೆಗೆಯುವ ಮೊದಲು, ತೆಗೆದ ಮೇಲೆ ಅಂತ ಹೋಲಿಸಿ ನೋಡಲು ಸಾಕು. ಅಂಕಿಯನ್ನು ನಂಬಿ ಜಗಳಕ್ಕೆ ಹೋಗಬೇಡಿ. ಸರಿಯಾದ ಅಳತೆಗೆ ಡಿಎನ್‌ಪಿಎಚ್ ಎಂಬ ರಾಸಾಯನಿಕ ತುಂಬಿದ ಚಿಕ್ಕ ಕೊಳವೆಯಲ್ಲಿ ಗಾಳಿ ಎಳೆದು ಲ್ಯಾಬಿನಲ್ಲಿ ನೋಡುತ್ತಾರೆ.

ಸೊಳ್ಳೆ ಬತ್ತಿಯಲ್ಲೂ ಬರುತ್ತಾ?

ಬರುತ್ತದೆ. ಏನೇ ಅರೆಬರೆ ಉರಿದರೂ ಬರುತ್ತದೆ, ಬೀಡಿ ಸಿಗರೇಟು ಸೇರಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಬತ್ತಿ ಪೂರ್ತಿ ಉರಿದರೆ ಬರುವ ಫಾರ್ಮಾಲ್ಡಿಹೈಡ್ 51 ಸಿಗರೇಟಿನಷ್ಟು ಇರಬಹುದು ಅಂತ ಕಂಡಿತ್ತು. ಪರದೆ ಕಟ್ಟಿಕೊಳ್ಳಿ.

ಮದುವೆಗೆ ಮೊದಲು ಕೂದಲು ನೇರ ಮಾಡಿಸಬೇಕು ಅಂತಿದ್ದಾಳೆ ಮಗಳು. ಪಾರ್ಲರ್‌ನವರು 'ಫಾರ್ಮಾಲ್ಡಿಹೈಡ್ ಫ್ರೀ' ಅಂದಿದ್ದಾರೆ. ಸರಿನಾ ಅಂತ ನಿಮ್ಮನ್ನ ಕೇಳೋಕೆ ಅಕ್ಕ ಹೇಳಿದ್ರು.

ನಿಮ್ಮ ಅಕ್ಕನಿಗೆ ಹೇಳಿ, ಪಟ್ಟಿಯಲ್ಲಿ ಮೀಥಿಲೀನ್ ಗ್ಲೈಕಾಲ್, ಫಾರ್ಮಾಲಿನ್, ಮೀಥನಾಲ್, ಗ್ಲೈಆಕ್ಸಿಲಿಕ್ ಆಮ್ಲ ಇದೆಯಾ ನೋಡಲಿ. ಮೀಥಿಲೀನ್ ಗ್ಲೈಕಾಲ್ ಅಂದರೆ ನೀರಿನಲ್ಲಿರುವ ಫಾರ್ಮಾಲ್ಡಿಹೈಡೇ, ಬೇರೆ ಅಂಗಿ ಹಾಕಿಕೊಂಡಿದೆ ಅಷ್ಟೇ. ಮೀಥನಾಲ್ (methanal) ಅಂದರೂ ಫಾರ್ಮಾಲ್ಡಿಹೈಡಿನ ಇನ್ನೊಂದು ಹೆಸರು, ಮೆಥನಾಲ್ (methanol) ಬೇರೆ. ಗ್ಲೈಆಕ್ಸಿಲಿಕ್ ಆಮ್ಲ ಕೂಡ ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡಬಲ್ಲದು. ಮಗಳು ಒಂದು ದಿನ ಕೂರುತ್ತಾಳೆ. ಆ ಪಾರ್ಲರ್ ಹುಡುಗಿ ಮದುವೆ ಸೀಸನ್ ಪೂರ್ತಿ ಅದೇ ಹೊಗೆಯಲ್ಲಿ ನಿಲ್ಲುತ್ತಾಳೆ, ನನಗೆ ಚಿಂತೆ ಅವಳದ್ದೇ.

ಸುಕ್ಕುಗಟ್ಟದ ಶರ್ಟು, ಹೊಸ ಪರದೆಗಳಲ್ಲೂ ಸ್ವಲ್ಪ ಇರುತ್ತದೆ. ಒಮ್ಮೆ ಒಗೆದು ಹಾಕಿಕೊಂಡರೆ ಬಹುಪಾಲು ಹೋಗುತ್ತದೆ.

## ಕೆಲಸದ ಜಾಗದಲ್ಲಿ

ಕೋಳಿ ಫಾರ್ಮಿನಲ್ಲಿ ಫಾರ್ಮಾಲಿನ್ ಹೊಗೆ ಹಾಕ್ತೀವಿ. ಜಾಗ್ರತೆ ಏನು?

ಶೆಡ್ಡಿನ ರೋಗಾಣು ಕೊಲ್ಲಲು ಪರ್ಮಾಂಗನೇಟ್ ಮೇಲೆ ಫಾರ್ಮಾಲಿನ್ ಸುರಿದಾಗ ಏಕದಮ್ ಕಾದು ಕುದಿದು ಅನಿಲ ಏಳುತ್ತದೆ. ಪಾತ್ರೆ ದೊಡ್ಡದಿರಲಿ, ಪ್ಲಾಸ್ಟಿಕ್ ಬೇಡ. ಒಳಗಿನ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಬನ್ನಿ, ಬಾಗಿಲ ಕಡೆಯಿಂದ ಒಳಗೆ ಹೋಗಬೇಡಿ. ಒಬ್ಬರೇ ಮಾಡಬೇಡಿ. ಕರವಸ್ತ್ರ, ಬಟ್ಟೆ ಮಾಸ್ಕ್, ಎನ್95 ಯಾವುದೂ ಅನಿಲ ತಡೆಯುವುದಿಲ್ಲ. ಫಾರ್ಮಾಲ್ಡಿಹೈಡ್‌ಗೆ ಅಂತಲೇ ಇರುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು, ಕಣ್ಣು ಮುಚ್ಚುವಂಥದ್ದಾದರೆ ಉತ್ತಮ.

ಟಾಯ್ಲೆಟ್ ಆ್ಯಸಿಡ್ ಜೊತೆ ಫಾರ್ಮಾಲಿನ್ ಯಾವತ್ತೂ ಸೇರಿಸಬೇಡಿ. ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಇದು ಸೇರಿದರೆ ಬಿಸ್-ಕ್ಲೋರೋಮೀಥೈಲ್ ಈಥರ್ ಹುಟ್ಟಬಹುದು, ಅದು ಶ್ವಾಸಕೋಶದ ಕ್ಯಾನ್ಸರ್ ತರುವ ವಸ್ತು. ಫಾರ್ಮಾಲಿನ್ ಬದಲಿಗೆ ಹೈಡ್ರೋಜನ್ ಪೆರಾಕ್ಸೈಡ್, ಪೆರಾಸಿಟಿಕ್ ಆಮ್ಲ ಬಳಸಬಹುದು. ಅದಕ್ಕಿಂತ ಮೊದಲು ಗೊಬ್ಬರ ಪೂರ್ತಿ ಎತ್ತಿ ಸೋಪಿನಲ್ಲಿ ತೊಳೆಯಿರಿ. ಗಲೀಜಿನ ಮೇಲೆ ಹೊಗೆ ಹಾಕಿದರೆ ಗಲೀಜಿನ ಪ್ರೋಟೀನೇ ಎಲ್ಲ ಕುಡಿದುಬಿಡುತ್ತದೆ.

ಮಗನಿಗೆ ಮೆಡಿಕಲ್ ಸೀಟ್ ಸಿಕ್ಕಿದೆ. ಅನಾಟಮಿ ಹಾಲಿನಲ್ಲಿ ಕಣ್ಣಲ್ಲಿ ನೀರು ಬರುತ್ತೆ ಅಂತಾನೆ. ರೂಢಿ ಆಗುತ್ತಾ?

ಮೂಗು ರೂಢಿಯಾಗುತ್ತದೆ. ಪೊರೆ ಆಗುವುದಿಲ್ಲ. ಮುಖ ಹೆಣದ ಹತ್ತಿರ ಬಗ್ಗಿಸಿ ನೋಡುವಾಗಲೇ ಜಾಸ್ತಿ ತಾಗುವುದು. ನೈಟ್ರೈಲ್ ಗ್ಲೌಸ್ ಹಾಕಲಿ, ಒದ್ದೆಯಾದರೆ ಬದಲಿಸಲಿ, ಕಾಂಟ್ಯಾಕ್ಟ್ ಲೆನ್ಸ್ ಬೇಡ, ಆಸ್ತಮಾ ಇದ್ದರೆ ಮೊದಲೇ ಹೇಳಲಿ.

ಹೆಣವನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸಿಟ್ಟರೆ, ಮೇಜಿನ ಮಟ್ಟದಲ್ಲಿ ಗಾಳಿ ಎಳೆದರೆ ತುಂಬಾ ಇಳಿಯುತ್ತದೆ. ನಾನಿದ್ದ ಒಂದು ಲ್ಯಾಬಿನಲ್ಲಿ ಎಕ್ಸಾಸ್ಟ್ ಫ್ಯಾನ್ ಚಾವಣಿಗೆ ತಾಗಿಸಿ ಹಾಕಿದ್ದರು. ಅನಿಲ ಅಲ್ಲಿಗೆ ಹೋಗುವ ದಾರಿಯಲ್ಲಿ ನಮ್ಮ ಮೂಗು ಇತ್ತು. ಎರಡು ವರ್ಷ ಅರ್ಜಿ ಬರೆದ ಮೇಲೆ ಕೆಳಗೆ ಇಳಿಸಿದರು.

ಕಣ್ಣಿಗೆ ಹಾರಿದರೆ, ಯಾರಾದರೂ ಕುಡಿದುಬಿಟ್ಟರೆ?

ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಆಮೇಲೆ ಆಸ್ಪತ್ರೆ. ಕುಡಿದರೆ ವಾಂತಿ ಮಾಡಿಸಬೇಡಿ, ಬರುವಾಗ ಗಂಟಲು ಇನ್ನೊಮ್ಮೆ ಸುಡುತ್ತದೆ. ತಕ್ಷಣ 108. ದೊಡ್ಡವರೂ ಸುಮಾರು 30 ಮಿಲಿಲೀಟರ್ ಫಾರ್ಮಾಲಿನ್ ಕುಡಿದು ಸತ್ತ ಉದಾಹರಣೆ ಇದೆ. ನೀರಿನ ಬಾಟಲಿಗೆ ತುಂಬಿಸಿಡುವವರಿಗೆ ಏನು ಹೇಳಬೇಕೋ ಗೊತ್ತಾಗುವುದಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

ಕ್ಯಾನ್ಸರ್ ಬರುತ್ತೆ ಅನ್ನೋದು ಖಚಿತನಾ? ಇಲಿಗೆ ಬಂದರೆ ಮನುಷ್ಯರಿಗೂ ಬರಬೇಕಾ?

1980ರ ಸುಮಾರಿಗೆ ಅಮೆರಿಕದಲ್ಲಿ ಇಲಿಗಳಿಗೆ ಎರಡು ವರ್ಷ ಈ ಗಾಳಿ ಕುಡಿಸಿದರು. ಹತ್ತು ಲಕ್ಷಕ್ಕೆ 14.3 ಭಾಗ ಕೊಟ್ಟ ಗುಂಪಿನಲ್ಲಿ ಸುಮಾರು ಅರ್ಧ ಇಲಿಗಳಿಗೆ ಮೂಗಿನ ಕ್ಯಾನ್ಸರ್ ಬಂತು. 5.6 ಭಾಗದ ಗುಂಪಿನಲ್ಲಿ ಎರಡಕ್ಕೆ. 2 ಭಾಗದಲ್ಲಿ ಒಂದಕ್ಕೂ ಇಲ್ಲ. ಪ್ರಮಾಣ ಏರಿದಂತೆ ಅಪಾಯ ಮೆಟ್ಟಿಲು ಹತ್ತುವ ಹಾಗೆ ಅಲ್ಲ, ಘಾಟಿ ಹತ್ತುವ ಹಾಗೆ ಏರಿತು. ಪೊರೆ ಮತ್ತೆ ಮತ್ತೆ ಸತ್ತು ಹುಟ್ಟುವಷ್ಟು ಪೆಟ್ಟು ಬಿದ್ದ ಮೇಲೆಯೇ ಕ್ಯಾನ್ಸರ್ ಜಾಸ್ತಿಯಾದದ್ದು.

ಮನುಷ್ಯರ ಲೆಕ್ಕ ಬಂದದ್ದು ಕಾರ್ಖಾನೆ ಕೆಲಸಗಾರರಿಂದ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 10 ಕಾರ್ಖಾನೆಗಳ 25,000ಕ್ಕೂ ಹೆಚ್ಚು ಜನರನ್ನು ದಶಕಗಟ್ಟಲೆ ಹಿಂಬಾಲಿಸಿತು. ಇದನ್ನೂ ಬೇರೆಯವನ್ನೂ ನೋಡಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಒಂದನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅನ್ನುವ ಗುಂಪಿಗೆ, ಸೇರಿಸಿತು. ಕಾರಣ ಮೂಗಿನ ಹಿಂದಿನ ಗಂಟಲಿನ ಕ್ಯಾನ್ಸರ್. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ ಮಾತ್ರ. ನಿಮ್ಮ ಅಪಾಯ ಎಷ್ಟು ಅಂತ ಹೇಳುವುದು ಎಷ್ಟು ಉಸಿರಾಡಿದಿರಿ, ಎಷ್ಟು ವರ್ಷ ಅನ್ನುವುದು.

ರಕ್ತದ ಕ್ಯಾನ್ಸರ್ ಬಗ್ಗೆ ವಿಜ್ಞಾನಿಗಳಲ್ಲೇ ಜಗಳ ಇದೆಯಂತೆ?

ಇದೆ, ಒಳ್ಳೆಯ ಜಗಳ. 2009ರಲ್ಲಿ ಅದೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಕ್ತದ ಕ್ಯಾನ್ಸರನ್ನೂ ಪಟ್ಟಿಗೆ ಸೇರಿಸಿತು. ಹೆಣ ಕಾಪಿಡುವ ಕೆಲಸದವರಲ್ಲಿ, ಕಾರ್ಖಾನೆಯವರಲ್ಲಿ ಒಂದು ಬಗೆಯ ಲ್ಯುಕೇಮಿಯಾ ಜಾಸ್ತಿ ಕಂಡಿತ್ತು. 2010ರಲ್ಲಿ ಚೀನಾದ ಕೆಲಸಗಾರರ ಅಧ್ಯಯನದಲ್ಲಿ ರಕ್ತಕಣಗಳ ಸಂಖ್ಯೆ ಕಡಿಮೆ, ಕ್ರೋಮೋಸೋಮುಗಳಲ್ಲಿ ಏರುಪೇರು ಕಂಡವು.

ವಿರುದ್ಧ ಪಕ್ಷದವರು ಕೇಳುವುದು ಇಷ್ಟೇ: ಮೂಗಿನಲ್ಲೇ ಅಂಟಿಕೊಳ್ಳುವ ವಸ್ತು ಮೂಳೆ ಮಜ್ಜೆಗೆ ಹೋಗುವುದು ಹೇಗೆ? ಅಮೆರಿಕದ ವಿಜ್ಞಾನಿ ಸ್ವೆನ್‌ಬರ್ಗ್ ಗುಂಪು ಇಂಗಾಲ, ಹೈಡ್ರೋಜನ್‌ನ ಭಾರದ ಐಸೋಟೋಪ್‌ನಿಂದ ಗುರುತು ಹಾಕಿದ ಫಾರ್ಮಾಲ್ಡಿಹೈಡ್ ಮಾಡಿ ಇಲಿಗಳಿಗೆ ಉಸಿರಾಡಿಸಿತು. ಹೊರಗಿನಿಂದ ಹೋದದ್ದಕ್ಕೆ ಗುರುತು ಇರುತ್ತದೆ, ಮೈ ತಾನೇ ಮಾಡಿದ್ದಕ್ಕೆ ಇರುವುದಿಲ್ಲ. ಮೂಗಿನ ಡಿಎನ್‌ಎಯಲ್ಲಿ ಎರಡೂ ಸಿಕ್ಕವು. ಮಜ್ಜೆಯಲ್ಲಿ ಸಿಕ್ಕಿದ್ದು ಮೈ ಮಾಡಿದ್ದು ಮಾತ್ರ. ಇಷ್ಟು ಚಂದದ ಪ್ರಯೋಗ ನಾನು ಓದಿದ್ದು ಕಡಿಮೆ. ಆದರೂ ಕೆಲಸಗಾರರ ಅಂಕಿ ಸುಳ್ಳಾಗುವುದಿಲ್ಲ, ಬೇರೆ ದಾರಿ ಇರಬಹುದು. ಅಮೆರಿಕದ ಪರಿಸರ ಸಂಸ್ಥೆ 2024ರಲ್ಲಿ ಮುಗಿಸಿದ ಪರಿಶೀಲನೆಯಲ್ಲಿ ಕಾರ್ಖಾನೆ ಪುರಾವೆಯ ಪರವೇ ನಿಂತಿತು.

ಲಸಿಕೆಯಲ್ಲೂ ಇದೆ ಅಂತ ವಾಟ್ಸಾಪ್‌ನಲ್ಲಿ ಬಂತು. ಮಗುವಿಗೆ ಹಾಕಿಸಬೇಕಾ?

ಹಾಕಿಸಿ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೊಂ ರಮೊಂ ಡಿಫ್ತೀರಿಯಾದ ವಿಷವನ್ನು ಫಾರ್ಮಾಲಿನ್‌ನಿಂದ ಕಟ್ಟಿಹಾಕಿ, ವಿಷ ಹೋದರೂ ಆಕಾರ ಉಳಿಯುವ ಹಾಗೆ ಮಾಡಿದ. ಮೈ ಆ ಆಕಾರ ನೋಡಿ ಪಾಠ ಕಲಿಯುತ್ತದೆ. ಪೋಲಿಯೊ ಇಂಜೆಕ್ಷನ್‌ನ ವೈರಸ್ ಕೊಲ್ಲುವುದೂ ಇದರಿಂದಲೇ. ಶುದ್ಧ ಮಾಡಿದ ಮೇಲೆ ಒಂದು ಡೋಸ್‌ನಲ್ಲಿ ಉಳಿಯುವುದು ಹೆಚ್ಚೆಂದರೆ 0.1 ಮಿಲಿಗ್ರಾಂ. ಎರಡು ತಿಂಗಳ, 5 ಕೆಜಿ ಮಗುವಿನ ರಕ್ತದಲ್ಲಿ ಅದರದೇ ಫಾರ್ಮಾಲ್ಡಿಹೈಡ್ ಸುಮಾರು 1 ಮಿಲಿಗ್ರಾಂ ಇರುತ್ತದೆ.

ಅಂಟಿಗೆ ಬದಲಿ ಏನಾದರೂ ಬಂದಿದೆಯಾ?

ಬಂದಿದೆ, ಮಾರುಕಟ್ಟೆಯಲ್ಲೂ ಇದೆ. ಅಮೆರಿಕದ ಆರೆಗಾನ್‌ನಲ್ಲಿ ಕೈಚಾಂಗ್ ಲಿ ಎಂಬ ವಿಜ್ಞಾನಿ ಸಮುದ್ರದ ಬಂಡೆಗೆ ಅಂಟಿಕೊಂಡ ಚಿಪ್ಪುಜೀವಿ ಅಲೆಗೂ ಕಳಚದೇ ಇರುವುದನ್ನು ನೋಡಿ, ಸೋಯಾ ಪ್ರೋಟೀನನ್ನು ಅದೇ ಬಗೆಯ ಅಂಟಾಗಿ ಮಾಡಿದ. 2000ದ ದಶಕದಲ್ಲೇ ಅದರಿಂದ ಪ್ಲೈವುಡ್ ತಯಾರಾಯಿತು. ಎಂಡಿಐ ಅಂತ ಇನ್ನೊಂದು ಅಂಟು ಇದೆ, ಹಲಗೆಯಿಂದ ಫಾರ್ಮಾಲ್ಡಿಹೈಡ್ ಬರುವುದಿಲ್ಲ, ಆದರೆ ಕಾರ್ಖಾನೆಯಲ್ಲಿ ಅದನ್ನು ಉಸಿರಾಡಿದವರಿಗೆ ಆಸ್ತಮಾ ಬರಬಹುದು. ಅಪಾಯ ಮನೆಯಿಂದ ಕಾರ್ಖಾನೆಗೆ ಹೋದ ಹಾಗಾಯಿತು. ಅಕೇಶಿಯ ತೊಗಟೆಯ ಟ್ಯಾನಿನ್, ಗೇರು ಸಿಪ್ಪೆಯ ಎಣ್ಣೆ, ಮರದ ಲಿಗ್ನಿನ್ ಇವುಗಳ ಮೇಲೂ ಕೆಲಸ ನಡೆದಿದೆ. ಗೇರೆಣ್ಣೆ ನಮ್ಮ ಘಾಟಿ ಇಳಿದರೆ ಸಿಗುವ ಸರಕು.

ಹೆಚ್ಚು ಕೆಲಸ ಮಾಡಿದ್ದು ಕಾನೂನು. 2007ರಲ್ಲಿ ಕ್ಯಾಲಿಫೋರ್ನಿಯಾ ಮಿತಿ ಹಾಕಿದ ಮೇಲೆ ಕಾರ್ಖಾನೆಗಳು ಯೂರಿಯಾಗೆ ಫಾರ್ಮಾಲ್ಡಿಹೈಡ್ ಪಾಲು ಇಳಿಸಿದವು, ಮೆಲಮೈನ್ ಬೆರೆಸಿದವು. ಯೂರೋಪ್ ಒಕ್ಕೂಟ 2023ರಲ್ಲಿ ತಂದ ನಿಯಮದಲ್ಲಿ ಮರದ ಹಲಗೆ, ಪೀಠೋಪಕರಣಕ್ಕೆ ಘನ ಮೀಟರಿಗೆ 0.062 ಮಿಲಿಗ್ರಾಂ ಮಿತಿ, ಜಾರಿಗೆ ದಿನ 2026ರ ಆಗಸ್ಟ್.

ಬದಲಿ ಇದ್ದರೂ ಲ್ಯಾಬಿನವರು ಇನ್ನೂ ಫಾರ್ಮಾಲಿನ್ ಯಾಕೆ ಬಿಡಲ್ಲ?

ನನ್ನ ಹಳೇ ಕಸುಬಿನ ಪ್ರಶ್ನೆ. ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಫಾರ್ಮಾಲಿನ್ ತೀರ ಕಡಿಮೆ, ಹೆಣದ ಕೀಲುಗಳು ಮೆತ್ತಗೆ ಬಗ್ಗುತ್ತವೆ, ಸರ್ಜನ್‌ಗಳು ಅದರ ಮೇಲೆ ಅಭ್ಯಾಸ ಮಾಡುತ್ತಾರೆ. ದುಬಾರಿ, ಅಷ್ಟೇ. ಸ್ಯಾಚುರೇಟೆಡ್ ಉಪ್ಪಿನ ದ್ರಾವಣದ ವಿಧಾನ ಅಗ್ಗ. ಅಂಗಾಂಶದ ತುಂಡಿಗೆ ಆಮ್ಲ ತೆಗೆದ ಗ್ಲೈಆಕ್ಸಾಲ್, ಆಲ್ಕೋಹಾಲ್ ಆಧಾರದ ದ್ರಾವಣಗಳು ಬಂದಿವೆ. ಆಲ್ಕೋಹಾಲಿನದರಲ್ಲಿ ಡಿಎನ್‌ಎ, ಆರ್‌ಎನ್‌ಎ ಫಾರ್ಮಾಲಿನ್‌ಗಿಂತ ಚೆನ್ನಾಗಿ ಉಳಿಯುತ್ತವೆ.

ತೊಡಕು ಬೇರೆ ಕಡೆ ಇದೆ. ಡಾಕ್ಟರ ಕಣ್ಣು ನೂರು ವರ್ಷದಿಂದ ಫಾರ್ಮಾಲಿನ್‌ನಲ್ಲಿ ಇಟ್ಟ ಕೋಶವನ್ನೇ ನೋಡಿ ಪಳಗಿದೆ. ಪಠ್ಯದ ಚಿತ್ರ, ಪರೀಕ್ಷೆಯ ಸ್ಲೈಡ್, ಕ್ಯಾನ್ಸರ್ ಗುರುತಿಸುವ ಆ್ಯಂಟಿಬಾಡಿ ಬಣ್ಣಗಳ ಅಳತೆ ಎಲ್ಲವೂ ಅದರ ಮೇಲೆ ನಿಂತಿವೆ. ದ್ರಾವಣ ಬದಲಿಸಿದರೆ ಕೋಶ ಸ್ವಲ್ಪ ಕುಗ್ಗುತ್ತದೆ, ಬಣ್ಣ ಸ್ವಲ್ಪ ಬೇರೆ ಕೂರುತ್ತದೆ. ಸ್ತನದ ಗಡ್ಡೆಯ ತುಂಡು ನೋಡಿ ಚಿಕಿತ್ಸೆ ತೀರ್ಮಾನಿಸುವಾಗ 'ಸ್ವಲ್ಪ ಬೇರೆ' ಅನ್ನುವುದನ್ನು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಹಾಗಾಗಿ ಹೊಸ ಲ್ಯಾಬುಗಳು ಅದನ್ನು ಬಿಡುವ ಬದಲು ಮುಚ್ಚಿದ ಡಬ್ಬಿಯಲ್ಲಿ ಅಳತೆ ಮಾಡಿ ತುಂಬಿಸಿ ತರಿಸುತ್ತವೆ, ಕೈಯಿಂದ ಬಗ್ಗಿಸುವ ಕೆಲಸವೇ ಇರುವುದಿಲ್ಲ. ನಾನು ಸೇರಿದಾಗ ಐದು ಲೀಟರ್ ಕ್ಯಾನಿನಿಂದ ಮಗ್ಗಿನಲ್ಲಿ ಬಗ್ಗಿಸುತ್ತಿದ್ದೆವು, ಉಸಿರು ಬಿಗಿ ಹಿಡಿದು.